ನಾಲ್ಕು ಗಂಟೆಗೆ ಹೊತ್ತು ಮುಳುಗುವ ಊರಿನಲ್ಲಿ ಊಟ

ಮುಂಜಾನೆ ಎಂಟೂವರೆಗೆ ಬಂದು ಮಧ್ಯಾಹ್ನ ನಾಲ್ಕಕ್ಕೆ ಮನೆಗೆ ಹೋಗುವ ಸೂರ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿ ಬಂದೆ. ಸರಕಾರಿ ನೌಕರಿ ಸಿಕ್ಕವರ ಹಾಗೆ ಇದ್ದಾನೆ ಅಲ್ಲಿ.

ಅವನಿಂದಾಗಿ ನಾನು ಎರಡು ದಿನ ಹೊಟ್ಟೆಗೆ ಸರಿಯಾಗಿ ಇಲ್ಲದೆ ಕಳೆದೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ರಾತ್ರಿ ಊಟ ಬಿಟ್ಟವಳು. ಜೈನರ ಮನೆಗಳಲ್ಲಿ ನನ್ನಂಥವರು ಬಹಳ ಜನ ಇದ್ದಾರೆ. ಹೊತ್ತು ಮುಳುಗಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ, ಗಜ್ಜರಿ, ಒಟ್ಟಿನಲ್ಲಿ ನೆಲ ಅಗೆದು ಕೀಳುವ ಗಡ್ಡೆ ಯಾವುದೂ ಇಲ್ಲ. ಐನಾಪುರದಲ್ಲಿ ಮುನಿಗಳು ಚಾತುರ್ಮಾಸಕ್ಕೆ ಬಂದಿದ್ದಾಗ ಹಿಡಿದ ನೇಮ, ಮೂವತ್ತು ವರ್ಷ ದಾಟಿತು. ಭಕ್ತಿಯಿಂದ ಹಿಡಿದೆ ಎಂದರೆ ಸುಳ್ಳಾದೀತು. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸಭೆಯಲ್ಲಿ ಎದ್ದು ನಿಂತು ಕೈ ಮುಗಿದು ನೇಮ ಹಿಡಿದಳು. ಆಕೆ ನಿಂತ ಮೇಲೆ ನಾನು ಕೂತಿರಲು ಆಗುತ್ತದೆಯೇ? (ಹಟಕ್ಕೆ ಹಿಡಿದದ್ದಾದರೂ ನೇಮ ನೇಮವೇ.)

ಈಗ ಆ ಊರಿಗೆ ನಾನು ಹೋಗಿದ್ದೇಕೆ ಎಂದು ಹೇಳಬೇಕು. ಜರ್ಮನಿಯ ಹ್ಯಾಂಬರ್ಗ್ ಊರಿನ ವ್ಯಾಪಾರಿಗಳಿಗೆ ನಮ್ಮ ಭಾಗದ ಮಣೂಕ, ಅಂದರೆ ಒಣದ್ರಾಕ್ಷಿ, ಬೇಕಾಗಿತ್ತು. ಬೆಳೆದವರ ಬಾಯಿಂದಲೇ ಕೇಳುತ್ತೇವೆ, ಬರುವವರಲ್ಲಿ ಹೆಂಗಸರೂ ಇರಲಿ ಎಂದು ನಮ್ಮ ದ್ರಾಕ್ಷಿ ಸಂಘಕ್ಕೆ ಬರೆದರಂತೆ. ಸಂಘದಲ್ಲಿ ಹೆಸರಿಗೆ ಹೊಲ ಇರುವ ಹೆಂಗಸರು ಬಹಳ. ಹೊಲಕ್ಕೆ ಹೋಗುವವಳು ನಾನೊಬ್ಬಳು. ಹೀಗಾಗಿ ಡಿಸೆಂಬರಿನಲ್ಲಿ ಐದು ಗಂಡಸರ ಜೊತೆ ವಿಮಾನ ಹತ್ತಿದೆ.

ಅವರಲ್ಲಿ ಒಬ್ಬ ಅಜಿತ, ಸಂಘದ ಸೆಕ್ರೆಟರಿ. ಅದೇ ನೆಗೆಣ್ಣಿಯ ಮಗ. ನನ್ನ ನೇಮ ಅವನಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಊರಿನಲ್ಲೇ ಕೂತು ಹ್ಯಾಂಬರ್ಗಿನ ಒಂದು ಇಂಡಿಯನ್ ರೆಸ್ಟೋರೆಂಟಿಗೆ ಫೋನ್ ಹಚ್ಚಿ, ಆರು ದಿನವೂ ಜೈನ್ ಊಟ, ಸಂಜೆ ಐದೂವರೆಗೆ ಸರಿಯಾಗಿ, ಎಂದು ಬುಕ್ ಮಾಡಿದ. ಐದೂವರೆ ಏಕೆ? ನಮ್ಮ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಡಿಸೆಂಬರಿನ ಸೂರ್ಯಾಸ್ತ ಆರಕ್ಕೆ ಎಂದಿದೆ. ಅರ್ಧ ತಾಸು ಮೊದಲೇ ದೊಡ್ಡವ್ವನ ಊಟ ಆಗಲಿ ಎಂಬುದು ಅವನ ಲೆಕ್ಕ. ಮನೆಯವರೆಲ್ಲ ಹುಡುಗ ಶಾಣ್ಯಾ ಎಂದರು. (ಹುಡುಗನಿಗೆ ನಲವತ್ತಾಗಿದೆ.) ನಾನೂ ಶಾಣ್ಯಾ ಎಂದೆ.

ಹೊರಡುವ ಹಿಂದಿನ ದಿನ ನಮ್ಮ ಮಣೂಕದ ಶೆಡ್ಡಿಗೆ ಹೋಗಿದ್ದೆ. ಹಸೀನಾ ಅಲ್ಲಿ ಮಣೂಕ ಆರಿಸುತ್ತ ಕೂತಿದ್ದಳು. ನಾನು ನೇಮ ಹಿಡಿದ ಕಾಲದಿಂದಲೂ ನಮ್ಮಲ್ಲಿ ಕೆಲಸಕ್ಕೆ ಬರುವವಳು. ಎಲ್ಲರೂ ವಿಮಾನದ ಬಗ್ಗೆ, ಥಂಡಿಯ ಬಗ್ಗೆ ಕೇಳುತ್ತಿದ್ದರೆ ಆಕೆ ಬೇರೆಯೇ ಕೇಳಿದಳು.

"ಆಯಿ, ಅಲ್ಲಿ ಹೊತ್ತು ಎಷ್ಟಕ್ಕ ಮುಳಗತೈತ್ರಿ?"

ಎಲ್ಲರೂ ನಕ್ಕರು. ಊರಿಗೊಬ್ಬ ಸೂರ್ಯ ಇರುತ್ತಾನೇನು ಎಂದ ಅಜಿತ. ನಾನೂ ನಕ್ಕೆ. ಹಸೀನಾ ಮತ್ತೆ ಮಣೂಕದ ಕಡ್ಡಿ ಕೀಳತೊಡಗಿದಳು.

ಮೊದಲ ದಿನ ಐದೂವರೆಗೆ ಸರಿಯಾಗಿ ಆ ರೆಸ್ಟೋರೆಂಟಿಗೆ ಹೋದೆವು. ಹೊರಗೆ ಕಗ್ಗತ್ತಲು. ಕತ್ತಲಾಗಿ ಒಂದೂವರೆ ತಾಸಾಗಿತ್ತು.

ಅಜಿತ ಕುರ್ಚಿ ಎಳೆದು ಕೂರಿಸಿದ. ಊಟ ಬಂತು. ಪಾಪ, ಉಳ್ಳಾಗಡ್ಡಿ ಹಾಕಿರಲಿಲ್ಲ, ಬಳ್ಳೊಳ್ಳಿ ಹಾಕಿರಲಿಲ್ಲ. ನಾನು ತಾಟು ಸರಿಸಿದೆ. ದೊಡ್ಡವ್ವ, ಗಡಿಯಾರದಲ್ಲಿ ಇನ್ನೂ ಐದೂವರೆ, ಊರಿನಲ್ಲಿ ಇದೇ ಹೊತ್ತಿಗೆ ಉಣ್ಣುತ್ತೀರಲ್ಲ ಎಂದು ಅಜಿತ ವಾದ ತೆಗೆದ.

"ನಾ ಏನ ಗಡಿಯಾರಕ್ಕ ಕೈ ಮುಗದ ನೇಮ ಹಿಡದೀನೇನೋ?" ಎಂದೆ.

ಉಳಿದವರು ಉಂಡರು, ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ಆನೆ, ಒಂಟೆ, ಮೀಸೆಯ ರಾಜ. ಹೊರಗೆ ಬೋರ್ಡಿನ ಮೇಲೆ 'ಅಥೆಂಟಿಕ್' ಎಂದು ಬರೆದಿದ್ದರು. ಹಾಗೆಂದರೇನು ಎಂದು ಅಜಿತನನ್ನು ಕೇಳಿದೆ. ಅಸಲಿ ಎಂದ. ಪನೀರು ಸಿಹಿ, ಬೇಳೆಗೆ ಹಾಲಿನ ಕೆನೆ, ರೊಟ್ಟಿ ಎಂದು ಕೊಟ್ಟದ್ದು ಮೈದಾ ಎಂದು ಗಂಡಸರು ಗೊಣಗುತ್ತಿದ್ದರು. ಬಿಲ್ ಬಂದಾಗ ಎಲ್ಲರ ಮುಖ ನೋಡಿದೆ. ಅಲ್ಲಿ ಅಸಲಿ ಅಂತ ಇದ್ದದ್ದು ಅದೊಂದೇ.

ಮೂರು ಗಂಟೆಗೆ ಬಂದರೆ ಊಟ ಕೊಡುತ್ತೀರಾ ಎಂದು ಅಜಿತ ಕೇಳಿದ. ಬಡಿಸುವವನು ಒಳ್ಳೆಯವನೇ, ಪಂಜಾಬಿನ ಕಡೆಯವನು. ಎರಡೂವರೆಗೆ ಒಲೆ ಆರಿದರೆ ಮತ್ತೆ ಹಚ್ಚುವುದು ಐದೂವರೆಗೆ, ಮಾಲಕರ ನಿಯಮ, ಎಂದ. ಅವನಿಗೂ ಒಂದು ನೇಮ.

ನನ್ನ ಹತ್ತಿರ ಎರಡು ಡಬ್ಬಿ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಇತ್ತಲ್ಲ ಎಂದು ಹೆಂಗಸರು ಕೇಳಬಹುದು. ಇತ್ತು. ಊರು ಬಿಡುವಾಗ, ಆ ದೇಶಕ್ಕೆ ಹೋಗಿಯೂ ರೊಟ್ಟಿಯೇ ಏನ್ರೀ, ನಾವು ಪಿಜ್ಜಾ ತಿನ್ನುವವರು ಎಂದು ಐದೂ ಗಂಡಸರು ನನ್ನನ್ನು ಚೇಷ್ಟೆ ಮಾಡಿದ್ದರು. ಎರಡನೆಯ ದಿನ ಮುಂಜಾನೆ ಡಬ್ಬಿ ತೆಗೆದರೆ ತಳದಲ್ಲಿ ಪುಡಿ. ಯಾರು ತಿಂದಿರಿ ಎಂದು ಕೇಳಿದೆ. ಐವರೂ ಕಿಟಕಿಯ ಹೊರಗೆ ನೋಡಿದರು.

ಹೀಗಾಗಿ ನನ್ನ ಹೊಟ್ಟೆಯ ಪರಿಸ್ಥಿತಿ ಇಷ್ಟು. ಮುಂಜಾನೆ ಲಾಡ್ಜಿನಲ್ಲಿ ಬ್ರೆಡ್ಡು, ಹಾಲು. ಮಧ್ಯಾಹ್ನ ವ್ಯಾಪಾರಿಗಳ ಆಫೀಸಿನಲ್ಲೇ ಎಲ್ಲರಿಗೂ ಊಟ, ಬ್ರೆಡ್ಡಿನ ನಡುವೆ ಮೀನು, ಇಲ್ಲವೇ ಬ್ರೆಡ್ಡಿನ ನಡುವೆ ತತ್ತಿ. ನನ್ನ ಪಾಲಿಗೆ ಸೇಬು. ಮೀಟಿಂಗ್ ಮುಗಿಯುವುದು ಮೂರಕ್ಕೆ. ಹೊತ್ತು ಮುಳುಗುವುದು ನಾಲ್ಕಕ್ಕೆ. ಆ ಒಂದು ತಾಸಿನಲ್ಲಿ ಊರಿನ ಹೋಟೆಲುಗಳೆಲ್ಲ ಒಲೆ ಆರಿಸಿ ಮಲಗಿರುತ್ತವೆ. ಬ್ರೆಡ್ಡು ನಮ್ಮಲ್ಲಿ ಜ್ವರ ಬಂದವರಿಗೆ ಕೊಡುವುದು. ನನಗೆ ಬ್ರೆಡ್ಡು ತಿಂದು ತಿಂದೇ ಜ್ವರ ಬಂದಂತಾಗಿತ್ತು.

ಮೂರನೆಯ ದಿನ ಮುಂಜಾನೆ ಮೆಟ್ಟಿಲು ಇಳಿಯುವಾಗ ಕಣ್ಣು ಕತ್ತಲೆ ಬಂತು. ಕಂಬಿ ಹಿಡಿದು ನಿಂತೆ. ಮರುದಿನ ನಾನು ಆ ವ್ಯಾಪಾರಿಗಳ ಮುಂದೆ ಎದ್ದು ನಿಂತು ನಮ್ಮ ಮಣೂಕದ ಬಗ್ಗೆ ಮಾತಾಡಬೇಕಿತ್ತು. ಬಂದದ್ದೇ ಅದಕ್ಕೆ. ಬಿದ್ದುಬಿಟ್ಟರೆ ಏನು ಗತಿ? ಅಜಿತ ಹೆದರಿ ಊರಿಗೆ ಫೋನ್ ಮಾಡಿದ. ಅವನ ಅವ್ವ, ಅಂದರೆ ನನ್ನ ನೆಗೆಣ್ಣಿ, ಎತ್ತಿಕೊಂಡಳು. ಸ್ಪೀಕರ್ ಹಚ್ಚಿದ್ದ, ನನಗೂ ಕೇಳಿಸಿತು.

"ಪರದೇಶದಾಗ ಎಲ್ಲಾ ನಡೀತೈತಿ, ರಾತ್ರಿ ಉಣ್ಣಂತ ಹೇಳೋ ಅಕಿಗೆ. ನಾವೇನ ನೋಡಾಕ ಬರತೇವು?"

ಆಕೆ ಹಾಗೆಂದ ಮೇಲೆ ಉಣ್ಣುವ ಹಾದಿ ಪೂರಾ ಮುಚ್ಚಿತು.

ಅಂದು ಮೂರು ಗಂಟೆಗೆ ಮೀಟಿಂಗ್ ಮುಗಿದದ್ದೇ ಅಜಿತ ನನ್ನನ್ನು ಕರೆದುಕೊಂಡು ಓಡಿದ. ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ನಡೆದೆವು. ಒಂದು ಮುಚ್ಚಿತ್ತು. ಇನ್ನೊಂದು ತೆರೆದಿತ್ತು, ಆದರೆ ಅನ್ನದ ಒಂದು ಸಣ್ಣ ಬಟ್ಟಲಿಗೆ ಹೇಳಿದ ರೇಟು ಕೇಳಿ ನಾನೇ ಹೊರಗೆ ಬಂದೆ. ಮೂರನೆಯದರಲ್ಲಿ ಎಲ್ಲದಕ್ಕೂ ಮೀನಿನ ರಸ. ಚೀನಾದವರ ಹಾಗೆ ಕಾಣುವವರ ಹೋಟೆಲುಗಳು ಎರಡು ಮೂರು ತೆರೆದಿದ್ದವು. ಅತ್ತ ನೋಡಲೂಬೇಡ ಎಂದು ಮೊದಲ ದಿನವೇ ಅಜಿತನಿಗೆ ಹೇಳಿಬಿಟ್ಟಿದ್ದೆ. ಹಾವು, ಕಪ್ಪೆ ತಿನ್ನುವವರ ಒಲೆ ನನಗೆ ಬೇಡ. (ನಾನು ಅಂದದ್ದು ಅಂದಂತೆಯೇ ಬರೆದಿದ್ದೇನೆ.)

ಮೂರೂ ಇಪ್ಪತ್ತೈದು ಆಯಿತು. ಆಕಾಶ ಬೂದಿ ಬಣ್ಣ. ಸೂರ್ಯ ಎಲ್ಲಿದ್ದಾನೆ ಎಂದು ಕೂಡ ಕಾಣಿಸದು. ಬ್ರೆಡ್ಡಾದರೂ ತಿನ್ನಿರಿ ಎಂದು ಅಜಿತ ಕೈ ಮುಗಿಯುವುದೊಂದು ಬಾಕಿ.

ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಊದಿನಕಡ್ಡಿಯ ವಾಸನೆ ಬಂತು. ನಿಂತೆ. ಸಣ್ಣ ಹೋಟೆಲು, ನಾಲ್ಕೇ ಟೇಬಲ್. ಗಾಜಿನ ಒಳಗೆ ನೆಲದ ಹತ್ತಿರ ಒಂದು ಪುಟ್ಟ ಗೂಡು, ಅದರಲ್ಲಿ ಬುದ್ಧನ ಮೂರ್ತಿ, ಮುಂದೆ ಒಂದು ಬಟ್ಟಲು ಅನ್ನ, ಒಂದು ಕಿತ್ತಳೆ. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಮುದುಕಿ ಕೂತು ಸೊಪ್ಪು ಸೋಸುತ್ತಿದ್ದಳು. ಮುಖ ನೋಡಿದರೆ ನಾನು ಬೇಡವೆಂದಿದ್ದ ಕಡೆಯವಳೇ.

ನಾನು ಆಕೆಯ ಮುಖ ಬಿಟ್ಟು ಕೈ ನೋಡಿದೆ. ಒಂದೊಂದೇ ಎಲೆ ಎತ್ತುತ್ತಾಳೆ. ಬೆಳಕಿಗೆ ಹಿಡಿಯುತ್ತಾಳೆ. ಮಗುಚಿ ಹಿಂದೆ ನೋಡುತ್ತಾಳೆ. ಒಂದು ಎಲೆಯಲ್ಲಿ ಹುಳ ಸಿಕ್ಕಿತು. ಎಲೆಸಮೇತ ಎತ್ತಿಕೊಂಡು ಹೋಗಿ ಬಾಗಿಲ ಬಳಿಯ ಕುಂಡದಲ್ಲಿ ಬಿಟ್ಟು ಬಂದಳು. ನಮ್ಮ ಅತ್ತೆ ಸೊಪ್ಪು ಸೋಸುತ್ತಿದ್ದದ್ದು ಹೀಗೆಯೇ. ನನ್ನ ಸೊಸೆಗೆ ಹೀಗೆ ಸೋಸು ಎಂದು ಹೇಳಿ ಹೇಳಿ ನಾನು ಸೋತಿದ್ದೇನೆ.

"ಇಲ್ಲೇ ನಡಿ," ಎಂದೆ ಅಜಿತನಿಗೆ.

"ದೊಡ್ಡವ್ವ, ನೀವ ಬ್ಯಾಡ ಅಂದಿದ್ರಿ..."

"ನಾ ಅಂದಿದ್ದ ನನಗ ಗೊತ್ತೈತಿ. ನಡಿ."

ಪೂರಾ ಶಾಕಾಹಾರಿ ಎಂದು ಬೋರ್ಡ್ ಓದಿ ಅಜಿತ ಹೇಳಿದ. ವಿಯೆಟ್ನಾಮಿನವರು. ಆತ ಇಂಗ್ಲಿಷ್ ಹೊಡೆದ, ಆಕೆಗೆ ತಿಳಿಯಲಿಲ್ಲ. ಅವನನ್ನು ಪಕ್ಕಕ್ಕೆ ಸರಿಸಿ ನಾನು ಮುಂದಾದೆ. ಕಿಟಕಿಯಾಚೆ ಆಕಾಶ ತೋರಿಸಿದೆ. ಅಂಗೈ ಮೆಲ್ಲಗೆ ಕೆಳಗೆ ಇಳಿಸಿದೆ. ಆಮೇಲೆ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದೆ.

ಆಕೆ ಗೋಡೆಯ ಗಡಿಯಾರ ನೋಡಿದಳು. ಏನೋ ಅಂದು ಸೊಪ್ಪು ಅಲ್ಲೇ ಬಿಟ್ಟು ಒಲೆಯ ಕಡೆ ಓಡಿದಳು. ಓಡಿದಳು ಎಂದರೆ ಓಡಿಯೇ ಹೋದಳು, ಮೊಣಕಾಲು ನೋವಿನ ವಯಸ್ಸಿನಲ್ಲಿ.

ಇನ್ನೊಂದು ಮಾತು ಬಾಕಿ ಇತ್ತು. ಹಿಂದೆಯೇ ಹೋಗಿ, ನೆಲದಿಂದ ಗಡ್ಡೆ ಹಿಡಿದು ಕೀಳುವ ಹಾಗೆ ಮಾಡಿ, ಬೇಡ ಎಂದು ಕೈ ಬೀಸಿದೆ. ಆಕೆ ಬುಟ್ಟಿಯಲ್ಲಿದ್ದ ಗಜ್ಜರಿಯನ್ನೂ ಮೂಲಂಗಿಯನ್ನೂ ಎತ್ತಿ ಆಚೆ ಇಟ್ಟು, ಇಷ್ಟೇನಾ ಎನ್ನುವಂತೆ ನನ್ನನ್ನು ನೋಡಿದಳು. ಉಳ್ಳಾಗಡ್ಡಿ, ಬಳ್ಳೊಳ್ಳಿ ಆ ಅಡಿಗೆಮನೆಯಲ್ಲಿ ಇರಲೇ ಇಲ್ಲ. ನನ್ನ ಮೂಗು ಅದರಲ್ಲಿ ಸುಳ್ಳು ಹೇಳುವುದಿಲ್ಲ.

ಮೂರೂ ನಲವತ್ತಕ್ಕೆ ಬಟ್ಟಲು ಬಂತು. ಅಕ್ಕಿಯ ಬಿಳಿ ಶಾವಿಗೆ, ಬಿಸಿ ಸಾರು, ಸೊಪ್ಪು, ಸೋಯಾ ಹಾಲಿನ ಪನೀರು, ಮೇಲೆ ನಿಂಬೆ ಹಿಂಡಿದ್ದಳು. ಕಡ್ಡಿಯಿಂದ ತಿನ್ನಲು ಬಾರದು, ಚಮಚ ಕೊಟ್ಟಳು. ಹಸಿ ಮೆಣಸಿನಕಾಯಿ ಬೇಕೆಂದು ಕೈ ಸನ್ನೆ ಮಾಡಬೇಕೆನ್ನುವಷ್ಟರಲ್ಲಿ ತಾನೇ ತಂದಿಟ್ಟಳು. ಒಂದು ಕಚ್ಚಿದೆ. ಮೂರು ದಿನದ ಮೇಲೆ ಕಣ್ಣಲ್ಲಿ ನೀರು ಬಂತು. (ಖಾರಕ್ಕೆ. ಬೇರೆ ಅರ್ಥ ಮಾಡಿಕೊಳ್ಳಬೇಡಿ.)

ನಾನು ಉಣ್ಣುವವರೆಗೂ ಆಕೆ ಎದುರಿಗೆ ನಿಂತು ಒಮ್ಮೆ ಗಡಿಯಾರ, ಒಮ್ಮೆ ನನ್ನ ಬಟ್ಟಲು ನೋಡುತ್ತಿದ್ದಳು. ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇರುವಾಗ ಬಟ್ಟಲು ಖಾಲಿ ಮಾಡಿ ಬಾಯಿ ತೊಳೆದೆ. ಇಬ್ಬರೂ ಒಂದೇ ಸಲ ಉಸಿರು ಬಿಟ್ಟೆವು.

ಆಮೇಲೆ ಅಜಿತ ಫೋನಿನಲ್ಲಿ ಆಕೆಯ ಮಾತನ್ನು ತರ್ಜುಮೆ ಮಾಡಿಸಿದ. ಆಕೆಯ ಅಕ್ಕ ಸನ್ಯಾಸಿನಿಯಂತೆ. ಮಧ್ಯಾಹ್ನ ಹನ್ನೆರಡು ದಾಟಿದರೆ ಉಣ್ಣುವುದಿಲ್ಲವಂತೆ. ಚಿಕ್ಕವಳಿದ್ದಾಗಿನಿಂದ ಆ ಅಕ್ಕನಿಗೆ ಹೊತ್ತು ನೋಡಿ ಬಡಿಸಿ ರೂಢಿಯಂತೆ. ನಿಮಗೆ ನಾಲ್ಕರವರೆಗೆ ಇದೆಯಲ್ಲ, ನೀವು ಆರಾಮದವರು ಎಂದಳಂತೆ. ಬಿಲ್ ಬಂತು. ಆನೆ ಒಂಟೆಯ ಹೋಟೆಲಿನಲ್ಲಿ ಒಂದು ಪನೀರಿಗೆ ಕೊಟ್ಟದ್ದರಲ್ಲಿ ಇಲ್ಲಿ ಮೂವರು ಉಣ್ಣಬಹುದು.

ಮರುದಿನ ಮೀಟಿಂಗಿನಲ್ಲಿ ನಿಂತು ಮಾತಾಡಿದೆ. ಮಣೂಕ ತಗೊಳ್ಳುತ್ತೇವೆ ಎಂದಿದ್ದಾರೆ, ಲಾರಿ ತುಂಬಿದ ಮೇಲೆ ನಂಬುತ್ತೇನೆ. ಉಳಿದ ದಿನಗಳು ಮೂರೂ ಕಾಲಿಗೆ ಹೋದರೆ ಶಾವಿಗೆ ಸಿದ್ಧ, ಗಜ್ಜರಿ ಇಲ್ಲದ್ದು. ಐದೂ ಗಂಡಸರು ಪಿಜ್ಜಾ ಬಿಟ್ಟು ಹಿಂದೆ ಬಂದರು. ಕೊನೆಯ ದಿನ ಆಕೆಗೆ ನಮ್ಮ ಮಣೂಕದ ಒಂದು ಪೊಟ್ಟಣ ಕೊಟ್ಟೆ. ಬಿಚ್ಚಿ, ಮೊದಲು ಒಂದು ಹಿಡಿ ಬುದ್ಧನ ಮುಂದೆ ಇಟ್ಟಳು. ಆಮೇಲೆ ಒಂದೇ ಒಂದು ಬಾಯಿಗೆ ಹಾಕಿಕೊಂಡು ತಲೆದೂಗಿದಳು. ತನ್ನ ಹೆಸರು ಎರಡು ಸಲ ಹೇಳಿದಳು. ನನ್ನ ನಾಲಿಗೆಗೆ ಹತ್ತಲಿಲ್ಲ.

ಊರಿಗೆ ಬಂದೆ. ನೆಗೆಣ್ಣಿ ಬಾಗಿಲಲ್ಲೇ ನಿಂತಿದ್ದಳು, ನೇಮ ಮುರಿಯಿತೇ ಎಂದು ಕೇಳಲು. ಇಲ್ಲ ಎಂದೆ. ಆಕೆಯ ಮುಖದಲ್ಲಿ ಸಮಾಧಾನ ಎಷ್ಟು, ನಿರಾಶೆ ಎಷ್ಟು ಎಂದು ನಾನು ಅಳೆಯಲು ಹೋಗಲಿಲ್ಲ. ನನಗೆ ನಿರಾಳವಾಗಿತ್ತು, ಅಷ್ಟು ಸಾಕು.

ಮರುದಿನ ಶೆಡ್ಡಿಗೆ ಹೋದೆ. ವಿಮಾನ ಹೇಗಿತ್ತು, ಹಿಮ ಬಿತ್ತೇ ಎಂದು ಎಲ್ಲರೂ ಕೇಳಿದರು. ಹಸೀನಾ ಮಾತ್ರ ಕೇಳಿದ್ದನ್ನೇ ಕೇಳಿದಳು.

"ಹೊತ್ತು ಎಷ್ಟಕ್ಕ ಮುಳಗತಿತ್ರಿ ಆಯಿ?"

"ನಾಕಕ್ಕ."

"ಅದಕ್ಕ ಕೇಳಿದ್ನಿರಿ. ನಮ್ಮ ಅಣ್ಣ ಸೌದಿಯಾಗ ಇದ್ದಾಗ ಅವ್ನ ರೋಜಾ ಬಿಡೂ ಹೊತ್ತ ಬ್ಯಾರೆ, ನಮ್ದ ಬ್ಯಾರೆ ಇರತಿತ್ತು."

ಅಷ್ಟು ಹೇಳಿ ಮಣೂಕದತ್ತ ತಿರುಗಿದಳು. ನಾನು ಅಲ್ಲೇ ಕೂತೆ.

ಈಗ ಕೆಲವು ವರ್ಷಗಳಿಂದ ರೋಜಾ ತಿಂಗಳು, ಅಂದರೆ ರಂಜಾನಿನ ಉಪವಾಸದ ತಿಂಗಳು, ನಮ್ಮ ಮಣೂಕದ ಸುಗ್ಗಿಯಲ್ಲೇ ಬರುತ್ತಿದೆ. ಸುಗ್ಗಿಯಲ್ಲಿ ಶೆಡ್ಡು ಏಳರವರೆಗೆ ನಡೆಯುತ್ತದೆ. ಸಂಜೆಯಾಗುತ್ತಲೇ ನಾನು ಆಕಾಶ ನೋಡಿ ಎದ್ದು ಮನೆಗೆ ಹೋಗುತ್ತೇನೆ, ಉಂಡು ತಿರುಗಿ ಬರುತ್ತೇನೆ. ಮುಂಜಾವಿನಿಂದ ಹನಿ ನೀರು ಕುಡಿಯದ ಹಸೀನಾ ಹೊತ್ತು ಮುಳುಗಿದಾಗ ಏನು ಮಾಡುತ್ತಾಳೆ? ನೋಡಿದ್ದೇನೆ. ಸೆರಗಿನ ಗಂಟಿನಿಂದ ಒಂದು ಖಜೂರಿ ತೆಗೆದು ಬಾಯಿಗೆ ಹಾಕಿಕೊಂಡು, ಕೈ ನಿಲ್ಲಿಸದೆ ಕಡ್ಡಿ ಕೀಳುತ್ತಾಳೆ. ನೋಡಿದ್ದೇನೆ, ಅಷ್ಟೇ. ನನಗಾಗಿ ಯಾರೂ ಒಲೆಯ ಕಡೆ ಓಡಲಿಲ್ಲ ಎಂದು ಹ್ಯಾಂಬರ್ಗಿನಲ್ಲಿ ಎರಡು ದಿನ ಸಿಟ್ಟಾದವಳು ನಾನೇ.

ಈ ಸುಗ್ಗಿಯಲ್ಲಿ ರೋಜಾ ತಿಂಗಳು ಶೆಡ್ಡಿನ ಕೆಲಸ ಹೊತ್ತು ಮುಳುಗುವ ಅರ್ಧ ತಾಸು ಮೊದಲೇ ಬಂದ್. ಅಜಿತನಿಗೆ ಹೇಳಿಯಾಗಿದೆ. ಯಾವ ಕ್ಯಾಲೆಂಡರ್ ನೋಡಬೇಕು ಎಂದು ಕೇಳಿದ. ಹಸೀನಾಳನ್ನು ಕೇಳು ಎಂದೆ.

ಹೊತ್ತು ಮುಳುಗಲಿ ಎಂದು ಆಕೆ, ಮುಳುಗದಿರಲಿ ಎಂದು ನಾನು, ಇಬ್ಬರೂ ಒಂದೇ ಶೆಡ್ಡಿನಿಂದ ಒಂದೇ ಸೂರ್ಯನನ್ನು ನೋಡುತ್ತ ಬಂದಿದ್ದೇವೆ. ಇಷ್ಟು ತಿಳಿಯಲು ನಾನು ವಿಮಾನ ಹತ್ತಬೇಕಿತ್ತೇ?