ಸಿ ಡ್ರೈವಿನ ದಾರಿ

ನವಿ ಮುಂಬಯಿಯ ರಬಾಳೆಯಲ್ಲಿರುವ ನಮ್ಮ ಆಫೀಸಿನಲ್ಲಿ ಕನ್ನಡದವರು ಮೂವರೇ: ಮೈಸೂರಿನ ಮ್ಯಾನೇಜರು, ನಾನು, ಮತ್ತು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ. ಅವಳಿಗೆ ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಕಲಿತದ್ದು ನಮ್ಮ ಬಾಯಿಂದ. ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುವ ಪಾಥ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಅದು ಹೋಗಿ ಕೂರುವ ಜಾಗದ ವಿಳಾಸಕ್ಕೆ, ನಾವು ‘ದಾರಿ’ ಎನ್ನುತ್ತಿದ್ದೆವು, ಅವಳೂ ಹಾಗೇ ಕಲಿತಳು.

ಆ ದಾರಿ ಸಿ ಡ್ರೈವ್ ಎಂದು ಮ್ಯಾನೇಜರು ಕೋಡಿನಲ್ಲೇ ಬರೆದುಬಿಟ್ಟಿದ್ದರು. ಸಿ ಡ್ರೈವ್ ಇರುವುದು ವಿಂಡೋಸ್‌ನಲ್ಲಿ, ಲಿನಕ್ಸ್‌ನಲ್ಲಿ ಇರುವುದಿಲ್ಲ, ಎಲ್ಲಿ ಹಾಕಬೇಕೆಂದು ಗ್ರಾಹಕರನ್ನೇ ಕೇಳೋಣ ಎಂದು ಅವಳು ಎಷ್ಟು ಹೇಳಿದರೂ ಆ ಮಹಾನುಭಾವ ಕೇಳಲಿಲ್ಲ. ವಾಶಿಯ ಗ್ರಾಹಕರ ಲಿನಕ್ಸ್ ಸರ್ವರಿನಲ್ಲಿ ನಮ್ಮ ಸಾಫ್ಟ್‌ವೇರ್ ‘ಸಿ’ ಎಂಬ ಹೊಸ ಫೋಲ್ಡರನ್ನೇ ಹುಟ್ಟಿಸಿ ಅದರೊಳಗೆ ಹೋಗಿ ಕೂತಿತು. ಗ್ರಾಹಕರು ಫೋನಿನಲ್ಲಿ ನಕ್ಕರು. ಆ ನಗುವಿಗೆ ಯಾರಾದರೂ ಬಲಿಯಾಗಬೇಕಿತ್ತು.

“ಟೆಸ್ಟ್ ಮಾಡಿದ್ದು ನೀನು. ಇನ್ನು ನಿನ್ನ ದಾರಿ ನೀನು ನೋಡ್ಕೊಳ್ಳಮ್ಮ,” ಎಂದರು ಮ್ಯಾನೇಜರು ಮೆಲುದನಿಯಲ್ಲಿ. ನಯವಾಗಿ ಕತ್ತು ಕೊಯ್ಯುವ ಆಸಾಮಿ.

ಅವಳ ಮುಖ ಅರಳಿತು. “ಥ್ಯಾಂಕ್ಯೂ ಸರ್, ಆಜ್ ಹೀ ಕರ್ ದೇತೀ ಹೂಂ,” ಎಂದು, ಇವತ್ತೇ ಮಾಡಿ ಮುಗಿಸುವ ಹುರುಪಿನಲ್ಲಿ ತನ್ನ ಜಾಗಕ್ಕೆ ಓಡಿದಳು.

“ಕೆಲಸ ಹೋಯ್ತು ಅಂತ ಅವಳಿಗೆ ಅರ್ಥ ಆಗಿಲ್ಲ ಸರ್,” ಎಂದೆ.

“ಗೊತ್ತಾಯ್ತು. ಮುಗಿಸ್ಲಿ ಬಿಡಿ.”

ಸಂಜೆಯೊಳಗೆ ಮುಗಿಸಿದಳು. ವಿಂಡೋಸ್, ಮ್ಯಾಕ್, ಲಿನಕ್ಸ್, ಎಲ್ಲ ಕಡೆ ಅವಳ ದಾರಿ ಇಂದಿಗೂ ತೆರೆದುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಅವಳ ಕಾರ್ಡಿಗೆ ಆಫೀಸಿನ ಬಾಗಿಲು ತೆರೆಯಲಿಲ್ಲ.