ತಟ್ಟೆಗೊಂದು, ಜೇಬಿಗೊಂದು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತ ಟೈಲರಮ್ಮ ತಮ್ಮ ಕೈಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಾರೆ. ಚಕ್ರವನ್ನು ಒಮ್ಮೆ ತಿರುಗಿಸುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ, ಇನ್ನೊಂದು ಹನಿ ಬಿಡುತ್ತಾರೆ. ಎರಡು ವಿಮಾನ, ಒಂದು ಲಾರಿ ಹತ್ತಿ ಇಳಿದು ಬಂದಿರುವ ಮಿಷನ್ನಿಗೂ ಮೈಕೈ ನೋವಿರುತ್ತದೆ ಎನ್ನುವುದು ಅವರ ವಾದ. ಅವರ ಜೊತೆ ಬಂದ ಹದಿನಾಲ್ಕು ಜನ ಒಳಗಿನ ಕೋಣೆಯಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ.

ಇದು ಊರಿನ ಚರ್ಚಿನಿಂದ ವರ್ಷಕ್ಕೊಮ್ಮೆ ಪರದೇಶದ ಈ ಬಡ ಶಾಲೆಗೆ ಸೇವೆಗೆಂದು ಬರುವ ತಂಡ. ಇದರಲ್ಲಿ ಡಾಕ್ಟ್ರಿದ್ದಾರೆ, ನರ್ಸಿದ್ದಾಳೆ, ಗಿಟಾರ್ ಬಾರಿಸಿ ಹಾಡು ಕಲಿಸುವವರಿದ್ದಾರೆ. ಟೈಲರಮ್ಮನ ಹೆಸರು ಪಟ್ಟಿಯ ಕೊನೆಯಲ್ಲಿ, ‘ಇತರೆ’ ಅನ್ನುವ ತಲೆಬರಹದ ಕೆಳಗೆ ಬರುತ್ತದೆ. ಹಿಂದಿನ ನಾಲ್ಕು ವರ್ಷಗಳಲ್ಲಿ ತೆಗೆದ ನೂರಾರು ಫೋಟೋಗಳಲ್ಲಿ ಅವರು ಸಿಕ್ಕಿರುವುದು ಒಂದರಲ್ಲಿ, ಅದೂ ಮೊಣಕೈ ಮಾತ್ರ.

ಮಕ್ಕಳು ಬರುವುದು ಎಂಟಕ್ಕೆ. ಟೈಲರಮ್ಮನ ಕಣ್ಣು ಐದೂವರೆಗೇ ಗೇಟಿನ ಮೇಲಿದೆ. ಅವರು ಕಾಯುತ್ತಿರುವುದು ಒಬ್ಬ ಹುಡುಗಿಗಾಗಿ. ಅವಳಿಗೆ ಅವರೇ ಇಟ್ಟ ಹೆಸರು ಗುಬ್ಬಿ. ಆ ಮಗು ಎರಡು ವರ್ಷ ಒಂದು ಬೆರಳಗಲವೂ ಬೆಳೆದಿರಲಿಲ್ಲ. ಯಾಕೆ ಎಂದು ಹೋದ ವರ್ಷ ಪತ್ತೆ ಹಚ್ಚಿದವರು ಇವರೇ, ಅದಕ್ಕೊಂದು ದಾರಿ ಹುಡುಕಿದವರೂ ಇವರೇ. ಆ ದಾರಿ ಸರಿಹೋಯಿತೋ ಇಲ್ಲವೋ ಎಂದು ಹನ್ನೊಂದು ತಿಂಗಳಿನಿಂದ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಓಡಾಡಿದ್ದಾರೆ. ಉತ್ತರ ಇವತ್ತು ಗೇಟು ದಾಟಿ ಬರಬೇಕು.

ಊರಲ್ಲಿ ಟೈಲರಮ್ಮನ ಅಂಗಡಿ ಇರುವುದು ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ. ನೆಟ್ಟಗೆ ನಿಂತರೆ ತಲೆಗೆ ಬಡಿಯುತ್ತದೆ. ಮೂವತ್ತೊಂದು ವರ್ಷದಿಂದ ಬಡಿಸಿಕೊಂಡೇ ಬಂದಿದ್ದಾರೆ. ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಗಂಡ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಾರೆ, ಬಂದವರಿಗೆಲ್ಲ “ಸ್ವಲ್ಪ ಮುಂದೆ ಸರೀರಿ” ಅನ್ನುತ್ತಾರೆ. ಹೆಂಡತಿ ಪ್ರತಿ ಸಲ ಪೆಟ್ಟಿಗೆ ಕಟ್ಟುವಾಗಲೂ ಅವರದು ಒಂದೇ ಮಾತು: “ಹೋಗೋದು ದೇವರ ಕೆಲಸಕ್ಕೆ, ಬರೋದು ಸೊಂಟ ನೋವು ತಗೊಂಡು.” ಹೇಳುತ್ತಲೇ ಮಿಷನ್ನಿಗೆ ಹಳೆಯ ಹೊದಿಕೆ ಸುತ್ತಿ ಹಗ್ಗ ಬಿಗಿಯುವವರೂ ಅವರೇ.

ಚರ್ಚಿನಲ್ಲಿ ಟೈಲರಮ್ಮ ಕೊನೆಯ ಬೆಂಚಿನವರು. ಮೊದಲ ವರ್ಷ ತಂಡದಲ್ಲಿ ಒಬ್ಬರಿಗೆ ಕಾಮಾಲೆಯಾಗಿ ಒಂದು ಜಾಗ ಖಾಲಿ ಉಳಿಯಿತು. ಈ ಶಾಲೆಯ ಅರವತ್ತು ಮಕ್ಕಳಿಗೆ ಯೂನಿಫಾರ್ಮು ಹೊಲಿದು ಕೊಟ್ಟಿದ್ದ ಟೈಲರಮ್ಮನನ್ನೇ ಪಾದ್ರಿಗಳು ಹೊರಡಿಸಿದರು. “ನನಗೆ ಇಂಗ್ಲಿಷ್ ಬರಲ್ಲ, ಹಾಡೋಕೆ ಬರಲ್ಲ, ಪ್ರಾರ್ಥನೆ ಗಟ್ಟಿಯಾಗಿ ಮಾಡಿದ್ರೆ ನಾಲಿಗೆ ತೊದಲುತ್ತೆ ಅಂದೆ. ಮಕ್ಕಳಿಗೆ ಬಟ್ಟೆ ಹಾಕಿಸಿ ಬನ್ನಿ ಸಾಕು ಅಂದ್ರು,” ಎಂದು ನಗುತ್ತಾರೆ. ಆ ಸಂಭ್ರಮದಲ್ಲಿ ಇಪ್ಪತ್ತು ವರ್ಷದ ಹಳೆಯ ಕತ್ತರಿಯನ್ನು ಕೈಚೀಲದಲ್ಲೇ ಇಟ್ಟುಕೊಂಡು ವಿಮಾನ ಹತ್ತಲು ಹೋದರು. ಅಲ್ಲಿನವರು ಕಿತ್ತುಕೊಂಡರು. ಆ ಕತ್ತರಿಯ ಮಾತು ಎತ್ತಿದರೆ ಇವತ್ತಿಗೂ ಮುಖ ಬಾಡುತ್ತದೆ.

ಈ ಶಾಲೆ ಇರುವುದು ಒಂದು ದೊಡ್ಡ ನಗರದ ಕಸ ಸುರಿಯುವ ಬಯಲಿನ ಅಂಚಿನಲ್ಲಿ. ಕಸ ಆಯುವವರ ಮಕ್ಕಳು, ನೂರ ಹನ್ನೆರಡು ಜನ, ಇಲ್ಲಿಗೆ ಬರುತ್ತಾರೆ. ಮೇಲಿನವರ ಕಾನೂನು ಒಂದಿದೆ: ಯೂನಿಫಾರ್ಮು ಇಲ್ಲದ ಮಗುವಿಗೆ ಹಾಜರಿ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಮೈಗೆ ಯೂನಿಫಾರ್ಮು ಇರಲೇಬೇಕು. ಆ ವರ್ಷ ಚರ್ಚಿಗೆ ಬಂದಿದ್ದ ಪಟ್ಟಿಯಲ್ಲಿ ಮಕ್ಕಳ ವಯಸ್ಸು ಮಾತ್ರ ಇತ್ತು. ಟೈಲರಮ್ಮ ಆರು ವರ್ಷಕ್ಕೆ ಇಷ್ಟು, ಹತ್ತು ವರ್ಷಕ್ಕೆ ಇಷ್ಟು ಎಂದು ತಮ್ಮ ಅಂಗಡಿಯ ಲೆಕ್ಕದಲ್ಲಿ ಹೊಲಿದಿದ್ದರು. ಇಲ್ಲಿ ಬಂದು ತೊಡಿಸಿ ನೋಡಿದರೆ ಅರವತ್ತಕ್ಕೆ ಅರವತ್ತೂ ಗೋಣಿಚೀಲ. ಹತ್ತರ ಹುಡುಗನ ಮೈ ಆರರ ಅಳತೆಗೆ ನಿಂತಿತ್ತು.

“ವಯಸ್ಸು ಕೇಳಿ ಹೊಲಿದಿದ್ದು ನನ್ನ ತಪ್ಪು. ಊಟ ಕೇಳಿ ಹೊಲೀಬೇಕಿತ್ತು,” ಎನ್ನುತ್ತಾರೆ. ನಾಲ್ಕು ದಿನ ಕೂತು ಎಲ್ಲವನ್ನೂ ಚಿಕ್ಕದು ಮಾಡಿದರು. ಹೆಚ್ಚಾದ ಬಟ್ಟೆ ದಪ್ಪ ಕಾಣುತ್ತದೆ, ಕತ್ತರಿಸಿಬಿಡಿ ಎಂದು ತಂಡದ ಯಜಮಾನಿಕೆ ಹೊತ್ತ ಮೇಷ್ಟ್ರು ಹೇಳಿದರು. ಟೈಲರಮ್ಮ ಕೇಳಲಿಲ್ಲ. ಒಂದು ನೂಲೂ ಕತ್ತರಿಸದೆ, ಮೂರು ಮೂರು ಇಂಚು ಒಳಗೆ ಮಡಿಚಿ ಹೊಲಿದರು. ಬೆಳೆಯೋ ಮಕ್ಕಳು, ಬೆಳೆದಾಗ ಬಿಚ್ಚಿಕೊಡೋಣ ಎಂಬುದು ಅವರ ನಂಬಿಕೆ.

ಮರುವರ್ಷ ಬಂದಾಗ ಅರವತ್ತರಲ್ಲಿ ಐವತ್ತನಾಲ್ಕರ ಮಡಿಕೆ ಬಿಚ್ಚಬೇಕಾಯಿತು. ಶಾಲೆಯಲ್ಲಿ ದಿನಕ್ಕೊಂದು ಊಟ ಶುರುವಾಗಿ ವರ್ಷವಾಗಿತ್ತು ಅಷ್ಟೆ. ಮೈಮೇಲಿನ ಬಟ್ಟೆ ಬಿಸಿಲಿಗೆ ಮಾಸಿ ತಿಳಿನೀಲಿಯಾಗಿತ್ತು, ಮಡಿಕೆಯಿಂದ ಹೊರಬಂದ ಪಟ್ಟಿ ಹೊಸದರ ಹಾಗೆ ಕಡುನೀಲಿ. ಇವತ್ತಿಗೂ ಇಲ್ಲಿನ ಮಕ್ಕಳು ಒಬ್ಬರ ಅಂಚನ್ನು ಇನ್ನೊಬ್ಬರು ನೋಡಿ, ನಿನಗೆಷ್ಟು ಪಟ್ಟಿ, ನನಗೆಷ್ಟು ಪಟ್ಟಿ ಎಂದು ಜಗಳ ಆಡುತ್ತಾರೆ. ಡಾಕ್ಟರ ಬಳಿ ತೂಕದ ಯಂತ್ರವಿದೆ, ಟೈಲರಮ್ಮನ ಬಳಿ ಒಂದು ಟೇಪು ಮತ್ತು ಎಣ್ಣೆ ಹತ್ತಿದ ಒಂದು ನೋಟುಬುಕ್ಕು ಇದೆ. ಇಲ್ಲಿರುವ ಹದಿನೆಂಟು ದಿನದಲ್ಲಿ ದಿನಕ್ಕೆ ಹನ್ನೆರಡರಿಂದ ಹದಿನೈದು ಬಟ್ಟೆ ಅವರ ಕೈ ದಾಟುತ್ತವೆ. ಭಾಷೆ ಬಾರದು. ಕೈ ಎತ್ತು, ತಿರುಗು, ಉಸಿರು ಬಿಡು, ಶಭಾಷ್. ಈ ನಾಲ್ಕು ಮಾತು ಕಲಿತಿದ್ದಾರೆ, ಮಿಕ್ಕಿದ್ದಕ್ಕೆ ಇಲ್ಲಿನ ಭಾಷೆ ಬಲ್ಲ ನರ್ಸಮ್ಮ ಇದ್ದಾಳೆ.

ಎರಡನೇ ವರ್ಷವೇ ಗುಬ್ಬಿ ಬಂದದ್ದು. ಆ ವರ್ಷ ಹೆಣ್ಣುಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಬಂದು, ತಮ್ಮ ಫ್ರಾಕಿಗೂ ಜೇಬು ಬೇಕು ಎಂದು ಕೈಸನ್ನೆಯಲ್ಲಿ ಕೇಳಿದರು. ಟೈಲರಮ್ಮನಿಗೆ ಎಲ್ಲಿಲ್ಲದ ಖುಷಿ. ಎಲ್ಲರಿಗೂ ಹೊಲಿದರು. ಗುಬ್ಬಿ ಮಾತ್ರ ತನ್ನ ಮಣಿಕಟ್ಟು ಮುಟ್ಟಿ ತೋರಿಸಿ, ಇಷ್ಟು ಆಳ ಬೇಕು ಎಂದಳು. “ಪುಟಾಣಿ, ಒಳಗೆ ನೀನೇ ಬಿದ್ದು ಹೋಗ್ತೀಯ ಅಂತ ರೇಗಿಸಿದೆ. ಪಾಪ, ಅವಳಿಗೆ ಅರ್ಥ ಆಗಲಿಲ್ಲ. ಕೇಳಿದಷ್ಟು ಆಳ ಹೊಲಿದು ಕೊಟ್ಟೆ.”

ಮೂರನೇ ವರ್ಷ ಗುಬ್ಬಿಯ ಮಡಿಕೆ ಹಾಗೇ ಇತ್ತು. ಕೆಲವು ಮಕ್ಕಳು ನಿಧಾನ ಎಂದುಕೊಂಡರು. ನಾಲ್ಕನೇ ವರ್ಷ, ಅಂದರೆ ಹೋದ ವರ್ಷ, ಟೇಪು ಹಿಡಿದಾಗ ನೋಟುಬುಕ್ಕಿನ ಹಳೆಯ ಅಳತೆಯೇ ಮತ್ತೆ ಬಂತು. ಟೈಲರಮ್ಮ ಡಾಕ್ಟರಿಗೆ ಹೇಳಿದರು. ದಿನಕ್ಕೆ ಐವತ್ತು ಮಕ್ಕಳನ್ನು ನೋಡುವ ಡಾಕ್ಟರು ಹುಳದ ಮಾತ್ರೆ ಕೊಟ್ಟು, ಚಿಕ್ಕ ಗಾತ್ರದ ಮಗು ಅಷ್ಟೆ ಎಂದರು. ಇವರಿಗೆ ಸಮಾಧಾನವಾಗಲಿಲ್ಲ. ಜೇಬಿನ ಮೂಲೆ ಹರಿದಿದೆ, ಹೊಲಿದು ಕೊಡ್ತೀನಿ ಎಂದು ಫ್ರಾಕು ಇಸಿದುಕೊಂಡು ಜೇಬನ್ನು ಒಳಹೊರಗೆ ಮಾಡಿದರು. ಹೊಲಿಗೆಯ ಸಂದಿನಲ್ಲಿ ಒಣಗಿದ ಬ್ರೆಡ್ಡಿನ ಪುಡಿ, ಬಿಳಿ ಬಿಳಿ ಮೊಟ್ಟೆಯ ಸಿಪ್ಪೆ.

ಮಾರನೇ ದಿನ ಮಧ್ಯಾಹ್ನ ಅವರು ಊಟದ ಸಾಲಿನ ಎದುರು ಸುಮ್ಮನೆ ಕೂತರು. ಶಾಲೆಯ ಊಟ ಎಂದರೆ ಒಂದು ಬಟ್ಟಲು ಗಂಜಿ, ಒಂದು ಬನ್ನು, ಒಂದು ಬೇಯಿಸಿದ ಮೊಟ್ಟೆ. ಗುಬ್ಬಿ ಗಂಜಿ ಕುಡಿದಳು. ಮೊಟ್ಟೆಯನ್ನು ಅಂಗೈಯಲ್ಲಿ ಹೊರಳಿಸಿದಳು, ಮೂಸಿದಳು. ಆಮೇಲೆ ಅದೂ ಬನ್ನೂ ಜೇಬಿಗೆ ಹೋದವು.

“ಮಧ್ಯಾಹ್ನ ಪೂರ್ತಿ ಒಂದು ಕೈಯಲ್ಲಿ ಬರೀತಾ ಇದ್ಲು, ಇನ್ನೊಂದು ಕೈ ಜೇಬಿನ ಮೇಲೆ. ಒಡೆದು ಹೋಗಬಾರದಲ್ಲ. ಎರಡು ವರ್ಷ, ದಿನಾ. ನಾನು ಹುಟ್ಟಿದಾಗಿನಿಂದ ಚರ್ಚಿನಲ್ಲಿ ಮೊಣಕಾಲೂರಿದ್ದೀನಿ. ಉಪವಾಸ ಅಂದ್ರೆ ಏನು ಅಂತ ಅವತ್ತು ನೋಡಿದೆ,” ಎಂದು ಟೈಲರಮ್ಮ ಎಣ್ಣೆಯ ಡಬ್ಬಿ ಕೆಳಗಿಡುತ್ತಾರೆ. ನರ್ಸಮ್ಮನಿಂದ ಕೇಳಿಸಿದಾಗ ಗೊತ್ತಾಯಿತು, ಮನೆಯಲ್ಲಿ ಗುಬ್ಬಿಗೊಬ್ಬಳು ಪುಟ್ಟ ತಂಗಿ. ಶಾಲೆಗೆ ಸೇರುವ ವಯಸ್ಸಲ್ಲ, ಹಾಗಾಗಿ ಶಾಲೆಯ ಊಟವೂ ಇಲ್ಲ. ತಾಯಿ ಬೆಳಿಗ್ಗೆ ಕಸದ ಬಯಲಿಗೆ ಹೋದರೆ ಬರುವುದು ಕತ್ತಲಾದ ಮೇಲೆ. “ಆ ಮಗು ಹಸಿವು ಹೊತ್ತುಕೊಂಡು ಹೋಗೋಕೆ ಚೀಲ ಹೊಲಿದು ಕೊಟ್ಟೋಳು ನಾನೇ.”

ಸಂಜೆ ತಂಡದ ಸಭೆಯಲ್ಲಿ ಮೊದಲ ಸಲ ಟೈಲರಮ್ಮ ಬಾಯಿ ತೆರೆದರು. ಮೇಷ್ಟ್ರು ಕೆಟ್ಟವರಲ್ಲ, ಶಿಸ್ತಿನವರು. ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ಜೇಬು ಹೊಲಿದು ಮುಚ್ಚಿಬಿಡಿ. ಇಲ್ಲಿ ಕೊಟ್ಟಿದ್ದು ಇಲ್ಲೇ ತಿನ್ನಲಿ,” ಎಂದರು.

“ಮುಚ್ಚೋದು ಎರಡು ನಿಮಿಷದ ಕೆಲಸ ಮೇಷ್ಟ್ರೇ. ತಂಗಿ ಬಾಗಿಲಲ್ಲಿ ಕಾಯ್ತಾ ಕೂತಿದ್ದಾಳೆ ಅಂತ ಗೊತ್ತಿದ್ದೂ ಆ ಮಗುವಿನ ಗಂಟಲಲ್ಲಿ ತುತ್ತು ಇಳಿಯುತ್ತಾ? ತಟ್ಟೆಗೊಂದು ಕೊಡಿ, ಜೇಬಿಗೊಂದು ಕೊಡಿ. ಮನೇಲಿ ಪುಟ್ಟ ಮಕ್ಕಳಿರೋ ಎಲ್ಲರಿಗೂ.”

“ಅಷ್ಟು ಮೊಟ್ಟೆ ಎಲ್ಲಿಂದ ತರೋದಮ್ಮ?”

ಮೇಷ್ಟ್ರ ಮುಂದೆ ನಾಲ್ಕು ಡಬ್ಬ ಬಣ್ಣಕ್ಕೆ ಬರೆದ ಚೀಟಿ ಇತ್ತು, ಮಾರನೇ ಬೆಳಿಗ್ಗೆ ತರಿಸಬೇಕಾಗಿತ್ತು. ಬಂದ ತಂಡವೆಲ್ಲ ಶಾಲೆಯ ಮುಂದಿನ ಗೋಡೆಗೆ ಬಣ್ಣ ಬಳಿದು ಫೋಟೋ ತೆಗೆಸಿಕೊಂಡು ಹೋಗುವುದು ವಾಡಿಕೆ. ಆ ಗೋಡೆ ಈಗ ನಿಂತಿರುವುದು ಇಟ್ಟಿಗೆಯ ಬಲದಿಂದಲೋ ಬಣ್ಣದ ಬಲದಿಂದಲೋ ಹೇಳುವುದು ಕಷ್ಟ. ಟೈಲರಮ್ಮ ಆ ಚೀಟಿ ಎತ್ತಿಕೊಂಡರು. “ಈ ಗೋಡೆಗೆ ನಾವು ಮೂರು ಸಲ ಬಣ್ಣ ಹೊಡೆದಿದ್ದೀವಿ. ಗೋಡೆ ಬೆಳೀತಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ನಕ್ಕುಬಿಟ್ಟರು. ಆ ವರ್ಷ ಬಣ್ಣದ ಬದಲು ನಲವತ್ತು ಕೋಳಿ ಬಂದವು. ಗಿಟಾರಿನ ಹುಡುಗರು ಶಾಲೆಯ ಹಿಂದೆ ಗೂಡು ಕಟ್ಟಿದರು. ಮೊದಲ ಗೂಡು ಗಾಳಿಗೆ ಬಿತ್ತು, ಎರಡನೆಯದು ನಿಂತಿತು. ಶಾಲೆಯ ಅಡುಗೆಯಾಕೆ ಕೋಳಿಗಳ ಜವಾಬ್ದಾರಿ ಹೊತ್ತಳು. ಟೈಲರಮ್ಮ ಒಂದು ಮಳೆಕೋಟು ಕತ್ತರಿಸಿ ಜೇಬುಗಳ ಒಳಗೆ ತೊಳೆಯಲು ಬರುವಂಥ ಒಳಪದರ ಕೊಟ್ಟರು. ನಂತರ ಊರಿಗೆ ಹೋಗಿ ಕಾದರು. ಕೋಳಿ ಬದುಕಿವೆಯೋ, ಎರಡನೇ ಮೊಟ್ಟೆ ನಿಜಕ್ಕೂ ಸಿಗುತ್ತಿದೆಯೋ, ಸಿಕ್ಕರೂ ಆ ಹುಡುಗಿ ಎರಡನ್ನೂ ಜೇಬಿಗೇ ಇಳಿಸುತ್ತಿದ್ದಾಳೋ ಎಂಬ ಯೋಚನೆ. ಮಗು ಇದೆಯೋ ಇಲ್ಲವೋ ಎಂಬ ಯೋಚನೆಯೂ ಬಂದದ್ದುಂಟು. ಅದನ್ನು ಅವರು ಗಂಡನ ಹತ್ತಿರವೂ ಹೇಳಿಲ್ಲ.

ಗಂಟೆ ಎಂಟು. ಗೇಟು ತೆರೆಯುತ್ತದೆ, ಮಕ್ಕಳು ನುಗ್ಗುತ್ತಾರೆ. ಗುಬ್ಬಿ ಇಲ್ಲ. ಮೊದಲ ಸಾಲು ಬಂದು, ಎರಡನೇ ಸಾಲು ಬಂದು, ಪ್ರಾರ್ಥನೆಯ ಗಂಟೆಯೂ ಆಗುತ್ತದೆ. ಟೈಲರಮ್ಮ ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪುತ್ತಾರೆ.

ಎಲ್ಲರೂ ಒಳಗೆ ಹೋದ ಮೇಲೆ ಬರುತ್ತಾಳೆ. ಓಡಿ ಬರಲಾರಳು, ಏಕೆಂದರೆ ಕೈಯಲ್ಲಿ ಇನ್ನೊಂದು ಪುಟ್ಟ ಕೈ ಇದೆ. ಟೈಲರಮ್ಮ ಮುಖ ನೋಡುವುದಿಲ್ಲ, ಫ್ರಾಕಿನ ಅಂಚು ನೋಡುತ್ತಾರೆ. ಹೋದ ವರ್ಷ ಮಂಡಿಯ ಕೆಳಗಿದ್ದ ಅಂಚು ಈಗ ಮಂಡಿಯ ಮೇಲಿದೆ. ಟೇಪು ಹಿಡಿಯುತ್ತಾರೆ. ನಂಬಿಕೆ ಬಾರದೆ ಇನ್ನೊಮ್ಮೆ ಹಿಡಿಯುತ್ತಾರೆ. ಎರಡೂಮುಕ್ಕಾಲು ಇಂಚು. “ಸ್ತೋತ್ರ ಕರ್ತನೇ,” ಎನ್ನುತ್ತಾರೆ. ಅಲ್ಲೇ ನೆಲದ ಮೇಲೆ ಕೂತು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಾರೆ. ಮಡಿಕೆಯಲ್ಲಿ ಇನ್ನು ಬಟ್ಟೆಯೇ ಉಳಿಯುವುದಿಲ್ಲ.

ಪುಟ್ಟವಳು ಬಾಯಲ್ಲಿ ಬೆರಳಿಟ್ಟು ಇದನ್ನೆಲ್ಲ ನೋಡುತ್ತಿದ್ದಾಳೆ. ಕೆನ್ನೆ ತುಂಬಿದೆ, ಕಾಲು ಗಟ್ಟಿಯಾಗಿವೆ. ಇವಳೇ ಆ ಜೇಬಿನ ಮೊಟ್ಟೆ ತಿಂದು ಬೆಳೆದವಳು. ಈ ವರ್ಷ ಶಾಲೆಗೆ ಸೇರುತ್ತಾಳಂತೆ. ಗುಬ್ಬಿ ಅವಳನ್ನು ಮುಂದಕ್ಕೆ ತಳ್ಳಿ, ಕೈ ಎತ್ತು, ತಿರುಗು ಎಂದು ತಾನೇ ಹೇಳುತ್ತಾಳೆ, ಥೇಟ್ ಟೈಲರಮ್ಮನ ಗತ್ತಿನಲ್ಲಿ. ಅಳತೆ ಮುಗಿದ ಮೇಲೆ ಟೈಲರಮ್ಮ ಮಣಿಕಟ್ಟು ತೋರಿಸಿ, ಜೇಬು ಇಷ್ಟು ಆಳ ಬೇಕಾ ಎಂದು ಸನ್ನೆ ಮಾಡುತ್ತಾರೆ. ಗುಬ್ಬಿ ಬೇಡವೆಂದು ತಲೆಯಾಡಿಸಿ ಏನೋ ಹೇಳುತ್ತಾಳೆ.

ನರ್ಸಮ್ಮ ಅದನ್ನು ತಿಳಿಸುತ್ತಾಳೆ: “ಇವಳಿಗೆ ಚಿಕ್ಕ ಜೇಬು ಸಾಕಂತೆ, ಆಂಟಿ. ಮನೇಲಿ ಇವಳಿಗಿಂತ ಚಿಕ್ಕೋರು ಯಾರೂ ಇಲ್ಲವಂತೆ.”

ಟೈಲರಮ್ಮ ಮುಖ ತಿರುಗಿಸಿ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕುತ್ತಾರೆ. ಚಿಕ್ಕ ಜೇಬು, ದೊಡ್ಡ ಮಡಿಕೆ. ಇನ್ನು ಹದಿನೇಳು ದಿನ, ನೂರಕ್ಕೂ ಹೆಚ್ಚು ಮಕ್ಕಳು ಬಾಕಿ. ನಿಮಗೇನು ಆಸೆ ಎಂದು ಕೇಳಿದರೆ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, ಸಣ್ಣ ದನಿಯಲ್ಲಿ ಹೇಳುತ್ತಾರೆ: “ನಾನು ಈ ವರ್ಷ ಹೊಲಿದ ಬಟ್ಟೆ ಮುಂದಿನ ವರ್ಷ ಯಾರೊಬ್ಬರಿಗೂ ಆಗಬಾರದು. ಅಷ್ಟೇ.”