ದೊಡ್ಡಪ್ಪನ ದವಡೆಗೆ ಯಾರ ಮೂಳೆ

ನಾನು ಡಾಕ್ಟರಾಗುವುದು ಸಾಧ್ಯವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. ‘ಸೊಪ್ಪು ಕುಯ್ಯೋ ಕೈ ಕಣ್ಲಾ ನಿನ್ ಮಗಳ್ದು, ಸೂಜಿ ಇಡಿಯಾಕಿಲ್ಲ, ಬುಡು’ ಎಂದು ನನ್ನೆದುರೇ ಅಪ್ಪನಿಗೆ ಹೇಳಿದ್ದರು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಡಿಗ್ರಿ ಕಂಡವರಿಲ್ಲ. ಓದಿದೆ, ಫೇಲಾದೆ, ಮತ್ತೆ ಓದಿದೆ, ಮದ್ದೂರಿನಲ್ಲಿ ಹಲ್ಲಿನ ಕ್ಲಿನಿಕ್ ತೆರೆದೆ. ಮೇಲಿನ ದವಡೆ ಹಲ್ಲು ಕಳೆದುಕೊಂಡ ದೊಡ್ಡಪ್ಪ ಕಡೆಗೆ ನನ್ನ ಕುರ್ಚಿಗೇ ಬಂದರು. ನಂಬಿಕೆಯಿಂದಲ್ಲ, ಬಾಡೂಟದಲ್ಲಿ ಮೂಳೆ ಕಡಿಯಲಾಗದ ಸಂಕಟದಿಂದ.

‘ಮುದ್ದೆ ನುಂಗಕ್ಕೆ ಹಲ್ಯಾಕೆ ಅಂತಾಳೆ ನಿಮ್ ದೊಡ್ಡವ್ವ. ನೀನೇನಂತೀಯ?’

ಸ್ಕ್ಯಾನ್ ನೋಡಿದೆ. ಹಲ್ಲು ಹೋದ ಜಾಗದಲ್ಲಿ ಮೂಳೆ ಸವೆದು ತೆಳ್ಳಗಾಗಿತ್ತು. ಅದರ ಮೇಲೇ ಸೈನಸ್, ಅಂದರೆ ಕೆನ್ನೆ ಮೂಳೆಯೊಳಗಿನ ಗಾಳಿಗೂಡು. ಕೃತಕ ಹಲ್ಲು ಕೂರಿಸುವ ಇಂಪ್ಲಾಂಟಿನ ಸ್ಕ್ರೂ ನಿಲ್ಲಲು ಹಿಡಿತವೇ ಇಲ್ಲ. ಸೈನಸ್ಸಿನ ಪೊರೆಯನ್ನು ಮೆಲ್ಲಗೆ ಮೇಲೆತ್ತಿ, ಕೆಳಗೆ ಮೂಳೆಪುಡಿ ತುಂಬಿ, ತಿಂಗಳುಗಟ್ಟಲೆ ಕಾಯಬೇಕು ಎಂದೆ.

‘ಯಾರ್ ಮೂಳೆ?’

ಕಪಾಟಿನಲ್ಲಿದ್ದದ್ದು ದನದ ಮೂಳೆಯಿಂದ ಮಾಡಿದ್ದು. ಶುದ್ಧಿ ಮಾಡಿ ಖನಿಜವಷ್ಟೇ ಉಳಿಸಿದ ಬಿಳಿ ಹರಳು. ಔಷಧಿ ಪುಡಿ ಎಂದು ತೇಲಿಸಿಬಿಡಬಹುದಿತ್ತು. ಇದ್ದದ್ದನ್ನೇ ಹೇಳಿದೆ.

ದೊಡ್ಡಪ್ಪ ಎದ್ದೇಬಿಟ್ಟರು. ‘ನಮ್ಮಟ್ಟೀಲಿ ಎತ್ತು ಸತ್ರೆ ಅರಿಸ್ನ ಕುಂಕುಮ ಇಕ್ಕಿ ಮಣ್ಣು ಮಾಡ್ತೀವಿ. ಅದ್ನ ತಂದು ನನ್ ಬಾಯ್ಗಿಕ್ತೀಯ?’

‘ಕಾರ್ಖಾನೇಲಿ ಕ್ಯಾಲ್ಸಿಯಂನಿಂದ ಮಾಡಿದ್ದೂ ಅದೆ ದೊಡ್ಡಪ್ಪ. ಪ್ರಾಣೀದಲ್ಲ. ಅದ್ನೇ ತರಿಸ್ತೀನಿ.’

‘ಈಗ ಇಂಗಂತೀಯ. ಬಾಯಿ ಮರಗಟ್ಟಿದ್ ಮ್ಯಾಲೆ ನೀನೇನ್ ತುಂಬುದ್ರೂ ನಂಗೆ ಗೊತ್ತಾಯ್ತದಾ?’

ಮರುವಾರ ಆ ಸ್ಕ್ಯಾನ್ ಹಿಡಿದು ಮಳವಳ್ಳಿಗೆ ಹೋಗಿ ಬೇರೊಬ್ಬ ಡಾಕ್ಟರನ್ನು ಕೇಳಿಬಂದರು. ಅಲ್ಲಿಯೂ ನಾನು ಹೇಳಿದ್ದನ್ನೇ ಹೇಳಿದ್ದರಂತೆ. ‘ಇಬ್ರೂ ಒಂದೇ ಪುಸ್ತಕ ಓದಿರ್ತೀರ’ ಎಂದರು. ಇವರ ಗುಮಾನಿ ಪುಡಿಯ ಮೇಲೋ, ನನ್ನ ಕೈ ಮೇಲೋ ಎಂದು ಆಗ ನನಗೂ ಅನುಮಾನ ಹತ್ತಿತು.

ಕಡೆಗೂ ಒಪ್ಪಿದರು. ಆಪರೇಷನ್ ದಿನ, ಬಿತ್ತನೆ ಬೀಜದ ಪ್ಯಾಕೆಟ್ ನೋಡುವಂತೆ ನಾನು ತರಿಸಿದ್ದ ಕಾರ್ಖಾನೆ ಪುಡಿಯ ಡಬ್ಬಿಯ ಸೀಲನ್ನು ಉಗುರಿನಿಂದ ಕೆರೆದು ನೋಡಿದರು. ಮೇಲಿನ ಬರಹವನ್ನು ನನ್ನ ಕೈಲಿ ಓದಿಸಿ, ಆಮೇಲೆ ನರ್ಸಮ್ಮನ ಕೈಲೂ ಓದಿಸಿದರು. ಕಣ್ಣೆದುರೇ ತೆಗೆಸಿ, ‘ಯೂರಿಯಾ ಇದ್ದಂಗದೆ’ ಎಂದು ಬಾಯಿ ತೆರೆದರು.

ಪೊರೆ ಹರಿಯದ ಹಾಗೆ ಪುಡಿ ತುಂಬಿದೆ. ತಿಂಗಳುಗಳ ಮೇಲೆ ಸ್ಕ್ಯಾನಿನಲ್ಲಿ ಗಟ್ಟಿ ಮೂಳೆ ಕಂಡಿತು, ಸ್ಕ್ರೂ ಅಲುಗದೆ ಕೂತಿತು, ಅದು ಬೆಸೆದುಕೊಂಡ ಮೇಲೆ ಹಲ್ಲೂ ಬಂತು. ಈ ಕೈ ಸೂಜಿಯನ್ನಷ್ಟೇ ಅಲ್ಲ, ಇಷ್ಟು ನಾಜೂಕಿನ ಕೆಲಸವನ್ನೂ ಹಿಡಿಯಿತು.

ಕೊನೆಯ ದಿನ ಪ್ರಮಾಣಪತ್ರ ಕೊಟ್ಟೆ. ಯಾವ ಇಂಪ್ಲಾಂಟ್, ಯಾವ ಪುಡಿ ಎಂದು ಕಂಪನಿಯವರು ಅಚ್ಚು ಹಾಕಿಸಿದ್ದು. ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿದರು, ನನ್ನ ಕಡೆಗೇ ಚಾಚಿದರು.

‘ಕಂಪ್ನಿಯೋರು ಏನ್ ಬೇಕಾದ್ರೂ ಅಚ್ಚಾಕ್ತಾರೆ ಕಣವ್ವ. ನೀನು ರುಜು ಆಕು. ಎಸ್ರಿನ್ ಮುಂದೆ ಡಾಕ್ಟ್ರು ಅಂತ ಬರ್ದು ಆಕು, ಮರ್ತುಗಿರ್ತೀಯ.’